ರೈಲುದಾರಿಯ ಉದ್ದ ಎಷ್ಟು?

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಈಗ ಅವಳೂ ಒಂದು ಪ್ರೌಢಶಾಲೆಯಲ್ಲಿ ಅಧ್ಯಾಪಕಿ. ಶಾಲೆಯ ಮಕ್ಕಳಿಗಾಗಿ ರಸಪ್ರಶ್ನೆಗಳನ್ನು ಸಿದ್ಧಪಡಿಸುತ್ತಿದ್ದಾಳಂತೆ. "ಸರ್, ಭಾರತೀಯ ರೈಲ್ವೆಯ ಉದ್ದ ಒಂದು ಪುಸ್ತಕದಲ್ಲಿ 68 ಸಾವಿರ ಕಿಲೋಮೀಟರ್ ಎಂದಿದೆ, ಇನ್ನೊಂದರಲ್ಲಿ 1 ಲಕ್ಷ 32 ಸಾವಿರ ಎಂದಿದೆ. ಎಂಟು ಹತ್ತು ಕಿಲೋಮೀಟರಿನ ವ್ಯತ್ಯಾಸವಾಗಿದ್ದರೆ ಮುದ್ರಣದೋಷ ಎನ್ನಬಹುದಿತ್ತು. ಇದು ಹೆಚ್ಚುಕಡಿಮೆ ಎರಡರಷ್ಟಿದೆ. ಯಾವುದನ್ನು ಬರೆಯಲಿ?" ಎಂದು ಕೇಳಿದಳು. ನಾನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಸಂಪರ್ಕ ಕಡಿದುಹೋಯಿತೆಂದು ತಿಳಿದು ಅವಳು ಹಲೋ ಹಲೋ ಎನ್ನತೊಡಗಿದಳು. "ಎರಡು ಉತ್ತರಗಳೂ ಸರಿಯಮ್ಮ, ಪ್ರಶ್ನೆಯೇ ಸರಿಯಿಲ್ಲ" ಎಂದಷ್ಟೇ ಹೇಳಿ, ವಿವರವನ್ನು ಬರೆದು ತಿಳಿಸುವೆನೆಂದು ಮಾತು ಮುಗಿಸಿದೆ.

ಹೀಗೆ ಉತ್ತರಿಸುವ ತಿಳಿವಳಿಕೆ ನಲವತ್ತು ವರ್ಷಗಳ ಹಿಂದೆ ನನಗೆ ಇರಲಿಲ್ಲ. ಇದ್ದಿದ್ದರೆ ಒಬ್ಬ ಹುಡುಗ ತರಗತಿಯಲ್ಲಿ ತಲೆತಗ್ಗಿಸಿ ನಿಲ್ಲಬೇಕಾಗಿ ಬರುತ್ತಿರಲಿಲ್ಲ. ಆ ಕಥೆಯನ್ನು ಈವರೆಗೆ ನಾನು ಯಾರಿಗೂ ಹೇಳಿದವನಲ್ಲ. ಅಂದು ಆ ತರಗತಿಯಲ್ಲಿದ್ದ ಕೆಲವರಾದರೂ ಈ ಪುಟವನ್ನು ಓದುತ್ತೀರೆಂದು ಬಲ್ಲೆನಾದ್ದರಿಂದ ಈಗ ಬರೆಯುತ್ತಿದ್ದೇನೆ.

ಅರಸೀಕೆರೆಗೂ ಬೀರೂರಿಗೂ ನಡುವೆ ಇರುವ ಆ ಊರಿನ ಶಾಲೆಗೆ ನಾನು ನೇಮಕಗೊಂಡದ್ದು ಇಂಗ್ಲಿಷ್ ಅಧ್ಯಾಪಕನಾಗಿ. ಸಮಾಜವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಅವರ ಪಾಠಗಳೂ ನನ್ನ ಹೆಗಲಿಗೇ ಬಂದವು. ಶಾಲೆಯ ಹಿಂದೆ ಒಂದು ಫರ್ಲಾಂಗು ದೂರದಲ್ಲಿ ರೈಲುದಾರಿ. ಆಗಿನ್ನೂ ಅದು ಮೀಟರ್ ಗೇಜು, ಅಂದರೆ ಎರಡು ಕಂಬಿಗಳ ಒಳಮೈಗಳ ನಡುವೆ ಸರಿಯಾಗಿ ಒಂದು ಮೀಟರ್ ಅಂತರ. ಗಾಡಿ ಹಾದುಹೋಗುವಾಗ ಪಾಠ ತಾನಾಗಿಯೇ ನಿಲ್ಲುತ್ತಿತ್ತು. ನಾನೂ ಸೀಮೆಸುಣ್ಣ ಹಿಡಿದು ಕಿಟಕಿಯಾಚೆ ನೋಡುತ್ತಿದ್ದೆ. ಎದುರುಬದುರಾಗಿ ಎರಡು ಗಾಡಿಗಳು ಬಂದರೆ ಒಂದು ಸ್ಟೇಷನ್ನಿನಲ್ಲಿ ಪಕ್ಕಕ್ಕೆ ಸರಿದು ಕಾಯಬೇಕು. ಇನ್ನೊಂದು ಹೊರಟುಹೋದ ಮೇಲೆಯೇ ಅದಕ್ಕೆ ದಾರಿ. ಬೆತ್ತದ ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿ ಟೋಕನ್ನನ್ನು ಇಟ್ಟು, ಅದನ್ನು ಓಡುವ ಎಂಜಿನ್ನಿನವರ ಕೈಗೆ ದಾಟಿಸುವುದನ್ನು ನೋಡಲೆಂದೇ ಹುಡುಗರು ಸ್ಟೇಷನ್ನಿಗೆ ಹೋಗುತ್ತಿದ್ದರು.

ಇಂಗ್ಲಿಷ್ ಮೇಷ್ಟ್ರಿಗೆ ಇಂಥ ದಾರಿಯೊಂದು ಬಳಿಯಲ್ಲಿದ್ದರೆ ಪಾಠಕ್ಕೆ ಸಾಮಗ್ರಿಯ ಕೊರತೆಯಿಲ್ಲ. 'ರೈಲ್ ಕೇಮ್ ಲೇಟ್' ಎಂದು ಬರೆಯದ ವಿದ್ಯಾರ್ಥಿ ಆ ಶಾಲೆಯಲ್ಲಿ ಇರಲಿಲ್ಲ. ನಾನು ಪ್ರತಿ ಸಲವೂ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ಇಂಗ್ಲಿಷಿನವರಿಗೆ ರೈಲ್ ಎಂದರೆ ಕಂಬಿ. ಬರುವುದು, ಹೋಗುವುದು, ತಡವಾಗುವುದು ಎಲ್ಲ ಟ್ರೈನು. ನಾವು ಕನ್ನಡದವರು ರೈಲುಗಾಡಿ ಎಂಬುದರಲ್ಲಿ ಗಾಡಿಯನ್ನು ಕಳಚಿ ರೈಲನ್ನು ಉಳಿಸಿಕೊಂಡೆವು. ಹಾಗಾಗಿ ನಮ್ಮಲ್ಲಿ ಕಂಬಿಯ ಹೆಸರೇ ಗಾಡಿಗೆ ಹೋಯಿತು. ಇದರಲ್ಲಿ ತಪ್ಪೇನೂ ಇಲ್ಲ. ಭಾಷೆ ತನಗೆ ಬೇಕಾದಂತೆ ಪದಗಳನ್ನು ತೆಗೆದುಕೊಳ್ಳುತ್ತದೆ. ಆದರೆ ಆ ಪದವನ್ನು ತಿರುಗಿ ಇಂಗ್ಲಿಷಿಗೆ ಒಯ್ಯುವಾಗ ಅದರ ಮೊದಲ ಅರ್ಥ ಗೊತ್ತಿರಬೇಕಷ್ಟೆ.

ನಾಲ್ಕು ಪದಗಳನ್ನು ನಾನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯುತ್ತಿದ್ದುದು ಕೆಲವರಿಗೆ ನೆನಪಿರಬಹುದು. ರೈಲ್ ಎಂದರೆ ಕಂಬಿ. ಟ್ರ್ಯಾಕ್ ಎಂದರೆ ಮೂಲದಲ್ಲಿ ಹೆಜ್ಜೆಯದೋ ಚಕ್ರದ್ದೋ ಜಾಡು. ರೈಲ್ವೆಯ ಮಾತಿನಲ್ಲಿ ಎರಡು ಕಂಬಿ, ಅವನ್ನು ಹೊತ್ತ ಸ್ಲೀಪರು, ಕೆಳಗಿನ ಜಲ್ಲಿ ಎಲ್ಲವೂ ಸೇರಿ ಒಂದು ಟ್ರ್ಯಾಕು. ಲೈನ್ ಎಂಬುದರ ಹುಟ್ಟು ಅಗಸೆನಾರಿನ ದಾರದಲ್ಲಿ. ದಾರ ಹಿಡಿದು ಎಳೆದ ಗೆರೆ ಅದು. ರೂಟ್ ಎಂಬುದು ಲ್ಯಾಟಿನ್ನಿನ 'ಕಡಿದ ದಾರಿ' ಎಂಬ ಮಾತಿನಿಂದ ಬಂದದ್ದು. ಕಾಡುಮೇಡುಗಳನ್ನು ಕಡಿದು ಮಾಡಿದ ಹಾದಿ. ಇಷ್ಟನ್ನೂ ನಿಘಂಟಿನಿಂದ ಕಲಿತು ಒಪ್ಪಿಸುತ್ತಿದ್ದೆ. ಫಿಶ್‌ಪ್ಲೇಟಿಗೂ ಮೀನಿಗೂ ಸಂಬಂಧವಿಲ್ಲ, ಹಡಗಿನ ಕೂವೆಕಂಬ ಸೀಳಿದಾಗ ಅದಕ್ಕೆ ಒತ್ತಾಗಿ ಕಟ್ಟುತ್ತಿದ್ದ ತುಂಡಿನ ಹೆಸರು ಅದು ಎಂದು ಹೇಳಿ ಮಕ್ಕಳನ್ನು ಬೆರಗುಗೊಳಿಸುತ್ತಿದ್ದೆ. ಗೇಜು ಎಂಬುದರ ಕಾಗುಣಿತವನ್ನಂತೂ ಹತ್ತು ಹತ್ತು ಸಲ ಬರೆಸುತ್ತಿದ್ದೆ. ಅದರಲ್ಲಿ 'ಎ' ಮೊದಲು, 'ಯು' ಆಮೇಲೆ. ಮುಕ್ಕಾಲು ತರಗತಿ ಅದನ್ನು ಅದಲುಬದಲು ಮಾಡುತ್ತಿತ್ತು. ಒಟ್ಟಿನಲ್ಲಿ ಈ ಪದಗಳೆಲ್ಲ ನನಗೆ ಗೊತ್ತು ಎಂಬ ಭಾವನೆ ನನ್ನಲ್ಲಿ ಬಲವಾಗಿತ್ತು.

ಒಮ್ಮೆ ನಮ್ಮ ಸ್ಟೇಷನ್ನಿನಲ್ಲಿ ಎಷ್ಟು ಲೈನುಗಳಿವೆ ಎಂದು ಒಂಬತ್ತನೆಯ ತರಗತಿಯಲ್ಲಿ ಕೇಳಿದೆ. ಎಲ್ಲರೂ ಮೂರು ಎಂದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ, "ಸಿಂಗಲ್ ಲೈನು ಸಾರ್" ಎಂದ. ಕಣ್ಣಿಗೆ ಮೂರು ಕಾಣುತ್ತಿರುವಾಗ ಇದೇನು ಉತ್ತರ ಎಂದು ಅವನನ್ನು ಕೂರಿಸಿದೆ. ಅವನು ಹೇಳಿದ್ದು ಸರಿಯೆಂಬುದು ಇಂದು ನನಗೆ ಗೊತ್ತು. ಊರಿಂದೂರಿಗೆ ಹೋಗುವುದು ಒಂದೇ ಲೈನು. ಪಕ್ಕದಲ್ಲಿ ಕವಲೊಡೆದು ಮತ್ತೆ ಬಂದು ಕೂಡಿಕೊಳ್ಳುವುದು ಲೂಪು. ಗೊಬ್ಬರದ ಮೂಟೆ ಇಳಿಸುವಲ್ಲಿಗೆ ಹೋಗಿ ಮುಗಿಯುವುದು ಸೈಡಿಂಗು. ಸ್ಟೇಷನ್ನಿನಲ್ಲಿ ಹತ್ತು ಜೊತೆ ಕಂಬಿ ಹಾಸಿದ್ದರೂ ಎರಡು ಊರುಗಳ ನಡುವೆ ಒಂದೇ ಇದ್ದರೆ ರೈಲ್ವೆಯವರು ಅದನ್ನು ಸಿಂಗಲ್ ಲೈನು ಎಂದೇ ಕರೆಯುತ್ತಾರೆ.

ಆ ಹುಡುಗನ ತಂದೆ ರೈಲ್ವೆಯಲ್ಲಿ ಕೀಮನ್. ಹಳಿಯ ಆಚೆ ಮಗ್ಗುಲಿನ ಕ್ವಾರ್ಟರ್ಸಿನಲ್ಲಿ ಅವರ ವಾಸ. ಅಮೆರಿಕದವರ ಇಂಗ್ಲಿಷಿನಲ್ಲಿ ಬಡವರ ಕೇರಿಯಿಂದ ಬಂದವನನ್ನು 'ಹಳಿಯ ತಪ್ಪು ಮಗ್ಗುಲಿನವನು' ಎನ್ನುವ ರೂಢಿಯುಂಟು. ನಮ್ಮೂರಿನಲ್ಲಿ ಇಂಥ ನುಡಿಗಟ್ಟು ಇರಲಿಲ್ಲವಾದರೂ, 'ಲೈನ್ ಆಚೆಯವರು' ಎಂದು ಹೇಳುವಾಗಿನ ದನಿಯಲ್ಲಿ ಅದೇ ಅರ್ಥ ಇರುತ್ತಿತ್ತು. ನನ್ನ ದನಿಯಲ್ಲಿಯೂ ಇತ್ತು ಎಂಬುದನ್ನು ಮುಚ್ಚಿಡಲಾರೆ.

1984ರ ನವೆಂಬರ್. ರಾಜ್ಯೋತ್ಸವದ ಅಂಗವಾಗಿ ಇಪ್ಪತ್ತು ಅಂಕಗಳ ಸಾಮಾನ್ಯಜ್ಞಾನ ಪರೀಕ್ಷೆಯೊಂದನ್ನು ನಡೆಸಿದೆ. ಮೊದಲ ಬಹುಮಾನ ಒಂದು ಇಂಗ್ಲಿಷ್-ಕನ್ನಡ ನಿಘಂಟು. ಹತ್ತನೆಯ ಪ್ರಶ್ನೆ: 'ಭಾರತದ ರೈಲುಮಾರ್ಗಗಳ ಒಟ್ಟು ಉದ್ದ ಎಷ್ಟು?' ನನ್ನ ಕೈಪಿಡಿಯಲ್ಲಿದ್ದ ಉತ್ತರ ಸುಮಾರು 61 ಸಾವಿರ ಕಿಲೋಮೀಟರ್. ಆ ಹುಡುಗ ಬರೆದದ್ದು 1,04,480.

ತಪ್ಪು ಎಂದು ಗುರುತು ಹಾಕಿ ಸುಮ್ಮನಿದ್ದಿದ್ದರೆ ಅದೊಂದು ಸಾಮಾನ್ಯ ಪ್ರಮಾದವಾಗುತ್ತಿತ್ತು. ಉತ್ತರಪತ್ರಿಕೆ ಹಂಚುವ ದಿನ ನಾನು ಅದನ್ನು ಗಟ್ಟಿಯಾಗಿ ಓದಿದೆ. "ಏನಯ್ಯಾ, ಉಳಿದ ನಲವತ್ತು ಸಾವಿರ ಕಿಲೋಮೀಟರನ್ನು ನಿಮ್ಮಪ್ಪ ರಾತ್ರೋರಾತ್ರಿ ಹಾಕಿಬಿಟ್ಟನೋ?" ಎಂದೆ. ಇಡೀ ತರಗತಿ ನಕ್ಕಿತು. ಆ ವಯಸ್ಸಿನಲ್ಲಿ ತರಗತಿಯನ್ನು ನಗಿಸುವುದು ಒಳ್ಳೆಯ ಅಧ್ಯಾಪಕನ ಲಕ್ಷಣವೆಂದು ನಾನು ನಂಬಿದ್ದೆ. ಹುಡುಗ ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಅವನಿಗೆ ಇಪ್ಪತ್ತಕ್ಕೆ ಹದಿನೆಂಟು ಬಂದಿತ್ತು. ಹತ್ತೊಂಬತ್ತು ಬಂದ ಹುಡುಗಿಗೆ ನಿಘಂಟು ಸಂದಿತು. (ಅವಳೂ ಈ ಪುಟವನ್ನು ಓದುತ್ತಾಳೆ. ಇದರಲ್ಲಿ ಅವಳದೇನೂ ತಪ್ಪಿಲ್ಲ. ನಿಘಂಟು ಅವಳಿಗೆ ಸಲ್ಲಬೇಕಾದದ್ದೇ.)

ಇದಾಗಿ ಹದಿನೈದು ದಿನ ಕಳೆದಿರಬಹುದು. ಬೆಳಗಿನ ಹೊತ್ತು ಹಳಿಯ ಪಕ್ಕದ ಕಾಲುದಾರಿಯಲ್ಲಿ ವಾಯುಸೇವನೆಗೆ ಹೋಗಿದ್ದೆ. ಹೆಗಲ ಮೇಲೆ ಸ್ಪ್ಯಾನರು, ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ಸುತ್ತಿಟ್ಟ ಕೆಂಪು ಹಸಿರು ಬಾವುಟಗಳು, ಹೀಗೆ ಆ ಹುಡುಗನ ತಂದೆ ಎದುರು ಬಂದರು. ಕೀಮನ್ ಎಂದರೆ ಬೀಗದ ಕೈಗಳನ್ನು ಕಾಯುವವನೆಂದು ಅದುವರೆಗೆ ನಾನು ತಿಳಿದಿದ್ದೆ. ಕಂಬಿಯನ್ನು ಸ್ಲೀಪರಿಗೆ ಬಿಗಿಯಾಗಿ ಹಿಡಿದಿಡುವ ಬೆಣೆಗೆ ಅಲ್ಲಿ ಕೀ ಎಂದು ಹೆಸರು. ಅದು ಸಡಿಲವಾಗದಂತೆ ದಿನವೂ ನಡೆದು ನೋಡಿ ಬಡಿದು ಕೂರಿಸುವವನು ಕೀಮನ್. ಅವರು ನಿಂತು ನಮಸ್ಕಾರ ಮಾಡಿದರು. ಮಗನ ಮಾತನ್ನೇ ಎತ್ತಲಿಲ್ಲ. ಮಾತಿಗೊಂದು ಮಾತು ಬೇಕೆಂದು ನಾನೇ ಕೇಳಿದೆ, "ದಿನಕ್ಕೆ ಎಷ್ಟು ದೂರ ನಡೆಯುತ್ತೀಯಪ್ಪ?"

"ನನ್ನ ಬೀಟು ಆರು ಕಿಲೋಮೀಟ್ರು ಮೇಷ್ಟ್ರೇ. ಕಂಬಿ ಲೆಕ್ಕದಲ್ಲಿ ಹನ್ನೆರಡು."

"ಅದು ಹೇಗೆ?"

"ಹೋಗ್ತಾ ಈ ಕಂಬಿ ನೋಡ್ಕೊಂಡು ಹೋಗ್ತೀನಿ, ಬರ್ತಾ ಆ ಕಂಬಿ ನೋಡ್ಕೊಂಡು ಬರ್ತೀನಿ. ಗಾಡಿ ಎರಡರ ಮೇಲೂ ಓಡ್ತದಲ್ವಾ? ಸ್ಟೇಷನ್ನಿನ ಲೂಪು, ಸೈಡಿಂಗು ಬೇರೆ. ದೊಡ್ಡ ಆಫೀಸಿನ ಪುಸ್ತಕದಲ್ಲಿ ಆರೇ ಅಂತ ಬರ್ಕೊಂಡಿರ್ತಾರೆ. ಅವರ ಲೆಕ್ಕ ಅವರಿಗೆ, ನಮ್ಮ ಕಾಲಿನ ಲೆಕ್ಕ ನಮಗೆ."

ಇಷ್ಟು ಹೇಳಿ, ಕಾಲಿನ ಬಳಿಯ ಒಂದು ಕೀಯನ್ನು ಎರಡೇಟು ಬಡಿದು ಅವರು ಮುಂದೆ ನಡೆದರು. ಮಗ ಮನೆಯಲ್ಲಿ ನಡೆದುದನ್ನು ಹೇಳಿದ್ದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ನಾನು ಮಾತ್ರ ಅಲ್ಲಿಯೇ ನಿಂತೆ. ಆರು ಮತ್ತು ಹನ್ನೆರಡು. ಅರವತ್ತೊಂದು ಸಾವಿರ ಮತ್ತು ಒಂದು ಲಕ್ಷದ ನಾಲ್ಕು ಸಾವಿರ.

ಅಂದು ಸಂಜೆ ಪರ್ಮನೆಂಟ್ ವೇ ಇನ್‌ಸ್ಪೆಕ್ಟರರ ಕಚೇರಿಗೆ ಹೋದೆ. ಊರಿನವರೆಲ್ಲ ಅವರನ್ನು ಪಿ.ಡಬ್ಲ್ಯು.ಐ. ಸಾಹೇಬರೆನ್ನುತ್ತಿದ್ದರು. ಆ ಹೆಸರಿನ ವಿಸ್ತರಣೆಯೇ ನಮ್ಮಲ್ಲಿ ಬಹುಮಂದಿಗೆ ಗೊತ್ತಿರಲಿಲ್ಲ. ರೈಲುದಾರಿ ಕಟ್ಟುವಾಗ ಮಣ್ಣು, ಕಲ್ಲು ಸಾಗಿಸಲು ಮೊದಲು ತಾತ್ಕಾಲಿಕವಾಗಿ ಹಳಿ ಹಾಕಿಕೊಳ್ಳುತ್ತಿದ್ದರಂತೆ. ಅದು ಮುಗಿದ ಮೇಲೆ ಹಾಕುವ ನಿಜವಾದ ಹಳಿಯೇ ಪರ್ಮನೆಂಟ್ ವೇ, ಕಾಯಂ ದಾರಿ. ಅಲ್ಲಿನ ಗುಮಾಸ್ತರು ಪರಿಚಿತರು. ಕೀಮನ್ನರ ಮಗ ತಂದೆಗೆ ಬುತ್ತಿ ತಂದಾಗಲೆಲ್ಲ ಅಲ್ಲಿ ಕೂತು ಕೈಗೆ ಸಿಕ್ಕಿದ ಪುಸ್ತಕ ಓದುತ್ತಾನೆಂದು ಅವರೇ ಹೇಳಿದರು. ಕಪಾಟಿನಿಂದ ರೈಲ್ವೆಯ ವಾರ್ಷಿಕ ಪುಸ್ತಕವನ್ನು ತೆಗೆದುಕೊಟ್ಟರು. 1980-81ರ ಸಾಲಿನಲ್ಲಿ ಪಕ್ಕಪಕ್ಕದಲ್ಲಿ ಮೂರು ಅಂಕಣಗಳಿದ್ದವು. ರೂಟ್ ಕಿಲೋಮೀಟರ್ 61,240. ರನ್ನಿಂಗ್ ಟ್ರ್ಯಾಕ್ ಕಿಲೋಮೀಟರ್ 75,860. ಒಟ್ಟು ಟ್ರ್ಯಾಕ್ ಕಿಲೋಮೀಟರ್ 1,04,480.

ನಾನು ನಿಘಂಟು ನೋಡಿ ಕಲಿಸುತ್ತಿದ್ದ ಪದಗಳೇ ಅವು. ಆದರೆ ಪ್ರತಿಯೊಂದೂ ಬೇರೆಯದೇ ಒಂದನ್ನು ಅಳೆಯುತ್ತದೆಂಬುದು ನಿಘಂಟಿನಲ್ಲಿ ಇರಲಿಲ್ಲ. ರೂಟ್ ಕಿಲೋಮೀಟರ್ ಪ್ರಯಾಣಿಕನ ಲೆಕ್ಕ: ಈ ಊರಿಂದ ಆ ಊರಿಗೆ ದಾರಿ ಎಷ್ಟು ದೂರ ಎಂಬುದಷ್ಟೇ ಅದರ ಕಾಳಜಿ, ನಡುವೆ ಒಂದು ಜೊತೆ ಕಂಬಿ ಇರಲಿ, ನಾಲ್ಕು ಜೊತೆ ಇರಲಿ, ಅದು ಒಮ್ಮೆ ಮಾತ್ರ ಎಣಿಸುತ್ತದೆ. ರನ್ನಿಂಗ್ ಟ್ರ್ಯಾಕ್ ಕಿಲೋಮೀಟರಿನಲ್ಲಿ ಜೋಡಿಮಾರ್ಗವಿದ್ದಲ್ಲಿ ಅದೇ ದೂರ ಎರಡು ಸಲ ಸೇರುತ್ತದೆ, ಸ್ಟೇಷನ್ನಿನ ಯಾರ್ಡು ಸೈಡಿಂಗುಗಳು ಸೇರುವುದಿಲ್ಲ. ಒಟ್ಟು ಟ್ರ್ಯಾಕ್ ಕಿಲೋಮೀಟರಿನಲ್ಲಿ ನಮ್ಮೂರಿನ ಗೊಬ್ಬರದ ಮೂಟೆಯ ಸೈಡಿಂಗೂ ಸೇರಿ ಎಲ್ಲವೂ ಬರುತ್ತವೆ. ಇದು ಹಳಿಯನ್ನು ಕಾಪಾಡಬೇಕಾದವರ ಲೆಕ್ಕ. ಅದರಲ್ಲಿಯೂ ಎರಡು ಕಂಬಿ ಸೇರಿ ಒಂದು ಟ್ರ್ಯಾಕು. ಕೀಮನ್ನರ ಕಾಲಿನ ಲೆಕ್ಕಕ್ಕೆ ಆ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ.

ಹುಡುಗ 'ಒಟ್ಟು' ಎಂದು ನಾನು ಕೇಳಿದ್ದಕ್ಕೆ 'ಒಟ್ಟು' ಎಂದು ಬರೆದಿದ್ದ ಅಂಕಣದ ಸಂಖ್ಯೆಯನ್ನೇ ಬರೆದಿದ್ದ. ಕೊನೆಯ ಅಂಕಿಯವರೆಗೂ ಸರಿಯಾಗಿತ್ತು. ನನ್ನ ಕೈಪಿಡಿಯ ಉತ್ತರ ಅಂದಾಜಿನದು.

ಮರುದಿನ ತರಗತಿಯಲ್ಲಿ ಇದನ್ನು ಹೇಳುವೆನೆಂದುಕೊಂಡೆ. ಹೇಳಲಿಲ್ಲ. ಬಹುಮಾನ ವಿತರಣೆ ಮುಗಿದುಹೋಗಿದೆ, ಈಗ ಎತ್ತಿದರೆ ಗೊಂದಲವಾಗುತ್ತದೆ, ಮುಖ್ಯೋಪಾಧ್ಯಾಯರು ಏನೆಂದಾರು ಎಂದೆಲ್ಲ ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಮೇಷ್ಟ್ರು ತಪ್ಪಿದರೆಂದು ಮಕ್ಕಳು ನಗುವುದು ನನಗೆ ಬೇಡವಾಗಿತ್ತು. ನಿಜವಾದ ಕಾರಣ ಅದೊಂದೇ. ಹುಡುಗ ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ನನ್ನ ತರಗತಿಯಲ್ಲಿದ್ದ. ಮತ್ತೊಮ್ಮೆಯೂ ಕೈಯೆತ್ತಿ ಉತ್ತರ ಹೇಳಲಿಲ್ಲ. ಅವನ ತಂದೆಗೆ ಬೇರೆಡೆಗೆ ವರ್ಗವಾಯಿತು, ಸಂಪರ್ಕ ತಪ್ಪಿತು.

ಆಮೇಲೆ ಈ ಪದಗಳು ಎಲ್ಲಿ ಕಂಡರೂ ನನ್ನ ಕಣ್ಣು ಅಲ್ಲಿ ನಿಲ್ಲುತ್ತದೆ. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನಲ್ಲಿ, ನಮ್ಮಲ್ಲಿ ಪ್ಲಾಟ್‌ಫಾರಂ ಸಂಖ್ಯೆ ಬರೆಯುವೆಡೆ ಟ್ರ್ಯಾಕ್ ಸಂಖ್ಯೆ ಬರೆದಿದ್ದರು. ಗಾಡಿ ನಿಲ್ಲುವ ಹಳಿಯನ್ನು ಅವರು ಹೇಳುತ್ತಾರೆ, ನಾವು ನಿಲ್ಲುವ ಕಟ್ಟೆಯನ್ನು ನಾವು ಹೇಳುತ್ತೇವೆ. ನಮ್ಮ ಸ್ಲೀಪರು ಅವರಿಗೆ ಟೈ, ನಮ್ಮ ಪಾಯಿಂಟ್ಸು ಅವರಿಗೆ ಸ್ವಿಚ್ಚು, ನಮ್ಮ ರೈಲ್ವೆ ಅವರಿಗೆ ರೈಲ್‌ರೋಡು. ಮೊಮ್ಮಗ ರೂಟ್ ಎಂಬುದನ್ನು ರೌಟ್ ಎಂದ. ತಿದ್ದಲು ಹೋಗಿ ಸುಮ್ಮನಾದೆ. ಅಲ್ಲಿ ಹಾಗೆನ್ನುವವರೂ ಬಹಳ ಮಂದಿ ಇದ್ದಾರೆ.

ನನಗೆ ದೂರವಾಣಿ ಮಾಡಿದ ವಿದ್ಯಾರ್ಥಿನಿಗೆ ಈಗ ಉತ್ತರ ಕೊಡಬೇಕು. 2023ರ ಮಾರ್ಚ್ ಕೊನೆಯ ಲೆಕ್ಕದಂತೆ ಮಾರ್ಗದ ಉದ್ದ ಸುಮಾರು 68,500 ಕಿಲೋಮೀಟರ್, ರನ್ನಿಂಗ್ ಟ್ರ್ಯಾಕ್ ಸುಮಾರು 1 ಲಕ್ಷ 6 ಸಾವಿರ, ಒಟ್ಟು ಟ್ರ್ಯಾಕ್ ಸುಮಾರು 1 ಲಕ್ಷ 32 ಸಾವಿರ. 1950-51ರಲ್ಲಿ ಮಾರ್ಗ 53,596, ಒಟ್ಟು ಟ್ರ್ಯಾಕ್ 77,609 ಇತ್ತು. ಎಪ್ಪತ್ತೆರಡು ವರ್ಷಗಳಲ್ಲಿ ಮಾರ್ಗ ಹದಿನೈದು ಸಾವಿರದಷ್ಟು ಬೆಳೆದರೆ ಟ್ರ್ಯಾಕು ಐವತ್ತನಾಲ್ಕು ಸಾವಿರಕ್ಕೂ ಹೆಚ್ಚು ಬೆಳೆದಿದೆ. ಹೊಸ ಊರುಗಳನ್ನು ಮುಟ್ಟಿದ್ದಕ್ಕಿಂತ ಇದ್ದ ದಾರಿಯನ್ನೇ ಜೋಡಿಯಾಗಿಸಿದ್ದು, ಯಾರ್ಡುಗಳನ್ನು ಹಿಗ್ಗಿಸಿದ್ದು ಹೆಚ್ಚು. ಪತ್ರಿಕೆಯಲ್ಲಿ 'ಒಂದೇ ವರ್ಷದಲ್ಲಿ ಇಷ್ಟು ಸಾವಿರ ಕಿಲೋಮೀಟರ್ ಹೊಸ ಹಳಿ' ಎಂದು ಓದಿದಾಗ ನಕಾಶೆಯಲ್ಲಿ ಅಷ್ಟು ಉದ್ದದ ಹೊಸ ಗೆರೆಯನ್ನು ಹುಡುಕಬಾರದು. 2022-23ರಲ್ಲಿ 5,000 ಕಿಲೋಮೀಟರಿಗೂ ಮಿಕ್ಕಿ ಹಳಿ ಹಾಕಲಾಯಿತು. ಅದರಲ್ಲಿ ಹೊಸ ಮಾರ್ಗ, ಜೋಡಿಮಾರ್ಗ, ಗೇಜು ಪರಿವರ್ತನೆ ಮೂರೂ ಸೇರಿದ್ದವು. ಅದನ್ನು ಹೊಗಳುವವರೂ ತೆಗಳುವವರೂ ಮೊದಲು ಯಾವ ಕಿಲೋಮೀಟರ್ ಎಂದು ಕೇಳಿಕೊಂಡರೆ ಅರ್ಧ ವಾದ ಮುಗಿಯುತ್ತದೆ.

ಬೆಂಗಳೂರು-ಮೈಸೂರು ದಾರಿ ನಮಗೆಲ್ಲ ಪರಿಚಿತವಾದ ಉದಾಹರಣೆ. ಅದನ್ನು ಜೋಡಿ ಮಾಡುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆಯೊಂದು ಅಡ್ಡ ಬಂತು. 2017ರ ಮಾರ್ಚಿನಲ್ಲಿ ಆ ಕಟ್ಟಡವನ್ನು ಒಡೆಯದೆ, ಇಡಿಯಾಗಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಿದರು. ಅಷ್ಟೆಲ್ಲ ಸಾಹಸವಾದ ಮೇಲೂ ಬೆಂಗಳೂರಿನಿಂದ ಮೈಸೂರಿನ ರೂಟ್ ಕಿಲೋಮೀಟರ್ ಇದ್ದಷ್ಟೇ ಇದೆ. ಆ ಶ್ರಮವೆಲ್ಲ ಸೇರಿರುವುದು ಟ್ರ್ಯಾಕಿನ ಅಂಕಣಕ್ಕೆ.

ನಮ್ಮ ಹಳೆಯ ಊರಿನ ದಾರಿಯೂ 1990ರ ದಶಕದಲ್ಲಿ 1,676 ಮಿಲಿಮೀಟರಿನ ಬ್ರಾಡ್ ಗೇಜಾಯಿತು, ಆಮೇಲೆ ಜೋಡಿಮಾರ್ಗವಾಯಿತು. ಅರಸೀಕೆರೆಯಿಂದ ಬೀರೂರಿಗೆ ಸುಮಾರು 45 ಕಿಲೋಮೀಟರ್ ಅಂದೂ ಇತ್ತು, ಇಂದೂ ಇದೆ. ಟ್ರ್ಯಾಕು ಮಾತ್ರ ತೊಂಬತ್ತು. ಈಗ ಅಲ್ಲಿ ಗಾಡಿಗಳು ಒಂದಕ್ಕೊಂದು ಕಾಯುವುದಿಲ್ಲ, ಬೆತ್ತದ ಬಳೆಯೂ ಇಲ್ಲ. ಆ ಆರು ಕಿಲೋಮೀಟರಿನ ಬೀಟಿನಲ್ಲಿ ಈಗ ನೋಡಬೇಕಾದ ಕಂಬಿ ನಾಲ್ಕು, ಒಟ್ಟು ಇಪ್ಪತ್ತನಾಲ್ಕು ಕಿಲೋಮೀಟರ್. ಮೂರು ವರ್ಷದ ಹಿಂದೆ ಆ ಕಡೆಯಿಂದ ರೈಲಿನಲ್ಲಿ ಹಾದುಹೋಗುವಾಗ ಕಿಟಕಿಯಲ್ಲಿ ಕುಳಿತು ಶಾಲೆಯ ಹೆಂಚು ಕಾಣುತ್ತದೆಯೇ ಎಂದು ನೋಡಿದೆ. ಗಾಡಿಯ ವೇಗಕ್ಕೆ ಏನೂ ತಿಳಿಯಲಿಲ್ಲ. ಪಕ್ಕದ ಹಳಿಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಒಬ್ಬಾತ ಸುತ್ತಿಗೆ ಹಿಡಿದು ನಿಂತು ನಮ್ಮ ಗಾಡಿ ಹೋಗುವುದನ್ನೇ ನೋಡುತ್ತಿದ್ದ.

1984ರ ಒಂಬತ್ತನೆಯ ತರಗತಿಯವರಲ್ಲಿ ಯಾರಿಗಾದರೂ ಆ ಹುಡುಗನ ವಿಳಾಸ ತಿಳಿದಿದ್ದರೆ ದಯವಿಟ್ಟು ಈ ಬರಹವನ್ನು ಅವನಿಗೆ ತಲುಪಿಸಿ. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಂದು ನಕ್ಕವರಿಗೆಲ್ಲ ಅದು ನೆನಪಿದೆ. ಹತ್ತನೆಯ ಪ್ರಶ್ನೆಗೆ ಅವನ ಉತ್ತರ ಸರಿ. ಆದ್ದರಿಂದ ಇಪ್ಪತ್ತಕ್ಕೆ ಹತ್ತೊಂಬತ್ತು, ಮೊದಲ ಬಹುಮಾನ ಇಬ್ಬರಿಗೂ. ಇನ್ನುಳಿದ ಒಂದು ಅಂಕವನ್ನು ಕೊಡಲಾರೆ. ಗೇಜು ಎಂಬುದರ ಕಾಗುಣಿತದಲ್ಲಿ ಅವನೂ 'ಯು' ಅಕ್ಷರವನ್ನೇ ಮೊದಲು ಬರೆದಿದ್ದ.